ನಡುವಿನ ರಾತ್ರಿಗಳ ಬಾಡಿಗೆ

ಊರಿನಲ್ಲಿ ಮನೆಗೆ ಬೆಂಕಿ ಬಿದ್ದರೆ, ನೆರೆ ನುಗ್ಗಿದರೆ, ಗಾಳಿಗೆ ಮಾಡು ಹಾರಿಹೋದರೆ ಆ ರಾತ್ರಿ ಎಲ್ಲಿ ಮಲಗುವುದು ಎಂಬ ಪ್ರಶ್ನೆ ನಮ್ಮ ಜನರನ್ನು ಹೆಚ್ಚು ಹೊತ್ತು ಕಾಡುವುದಿಲ್ಲ. ಅಕ್ಕನ ಮನೆಯಿದೆ, ಸೋದರಮಾವನ ಮನೆಯಿದೆ, ಹೆಂಡತಿಯ ತವರಿದೆ. ಏನೂ ಇಲ್ಲದಿದ್ದರೆ ನೆರೆಮನೆಯ ಚಾವಡಿಯಾದರೂ ಇದೆ. ಹಾಸಿಗೆ ಸುತ್ತಿಕೊಂಡು ಬಂದವರನ್ನು ಎಷ್ಟು ದಿನ ಇರುತ್ತೀರಿ ಎಂದು ಮೊದಲ ವಾರ ಯಾರೂ ಕೇಳುವುದಿಲ್ಲ. ಎರಡನೆಯ ವಾರ ಕೇಳಬಹುದು, ಆ ಮಾತು ಬೇರೆ. ಇದನ್ನು ನಾವು ವಿಮೆ ಎಂದು ಕರೆಯುವುದಿಲ್ಲವಾದರೂ ಅದು ಮಾಡುವ ಕೆಲಸ ವಿಮೆಯದೇ. ಅದಕ್ಕೆ ಪ್ರೀಮಿಯಂ ಕೂಡ ಇದೆ: ಮದುವೆ, ಗೃಹಪ್ರವೇಶ, ಸೀಮಂತ, ಉತ್ತರಕ್ರಿಯೆ ಎಂದು ವರ್ಷವಿಡೀ ಓಡಾಡುವುದು, ಉಡುಗೊರೆ ಹೊರುವುದು, ಪಂಕ್ತಿಯಲ್ಲಿ ಬಡಿಸಲು ನಿಲ್ಲುವುದು ಎಲ್ಲವೂ ಆ ಖಾತೆಗೆ ಜಮೆಯಾಗುವ ಕಂತುಗಳು.

ಮಸ್ಕತ್ತಿನ ವಿಮಾನ ಹತ್ತಿದ ದಿನ ಈ ಪಾಲಿಸಿ ರದ್ದಾಗುತ್ತದೆ. ಹತ್ತುವವರಿಗೆ ಅದರ ಅರಿವಿರುವುದಿಲ್ಲ. ನಿಲ್ದಾಣಕ್ಕೆ ಬಂದು ಕೈಬೀಸುವವರಿಗೂ ಇರುವುದಿಲ್ಲ. ವೀಸಾ, ವೈದ್ಯಕೀಯ ತಪಾಸಣೆ, ಪದವಿ ಪ್ರಮಾಣಪತ್ರದ ದೃಢೀಕರಣ, ಮಕ್ಕಳ ಶಾಲೆಯ ವರ್ಗಾವಣೆ ಪತ್ರ ಎಲ್ಲಕ್ಕೂ ಪಟ್ಟಿ ತಯಾರಾಗಿರುತ್ತದೆ. ಅಲ್ಲಿ ಬಾಡಿಗೆಗೆ ಹಿಡಿದ ಮನೆ ಒಂದು ದಿನ ಇದ್ದಕ್ಕಿದ್ದಂತೆ ವಾಸಕ್ಕೆ ಯೋಗ್ಯವಲ್ಲದಂತಾದರೆ, ಅದು ದುರಸ್ತಿಯಾಗುವವರೆಗಿನ ದಿನಗಳನ್ನು ಯಾರ ಖರ್ಚಿನಲ್ಲಿ ಕಳೆಯುವುದು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇದ್ದುದನ್ನು ನಾನು ಈವರೆಗೆ ಕಂಡಿಲ್ಲ.

ನಾನಿರುವ ಹಮ್ರಿಯಾವನ್ನು ಕಂಡವರಿಗೆ ಈ ಪ್ರಶ್ನೆ ಉತ್ಪ್ರೇಕ್ಷೆ ಎನಿಸದು. ಇದು ಮುತ್ರಾ ವಿಲಾಯತ್ತಿಗೆ ಸೇರಿದ, ರುವಿಗೆ ಅಂಟಿಕೊಂಡ ಬಡಾವಣೆ. ಮಸ್ಕತ್ತಿನ ಹೊಸ ಬಡಾವಣೆಗಳ ಬಿಳಿ ಮನೆಗಳನ್ನು ಚಿತ್ರದಲ್ಲಿ ನೋಡಿದ ಬಂಧುಗಳು ಇಲ್ಲಿಗೆ ಬಂದಾಗ ಸ್ವಲ್ಪ ಗಲಿಬಿಲಿಗೊಳ್ಳುತ್ತಾರೆ. ಒತ್ತಾಗಿ ನಿಂತ ಹಳೆಯ ಕಟ್ಟಡಗಳು, ಕೆಳಗೆ ದಿನಸಿ ಅಂಗಡಿ, ದರ್ಜಿ, ಕ್ಷೌರದಂಗಡಿ, ಚಹಾದ ಹೋಟೆಲು. ಮೇಲೆ ಒಂದೊಂದು ಫ್ಲ್ಯಾಟಿನಲ್ಲಿ ಒಂದು ಕುಟುಂಬ, ಇನ್ನು ಕೆಲವೆಡೆ ಒಂದೊಂದು ಕೋಣೆಯಲ್ಲಿ ಒಂದು ಕುಟುಂಬ, ಮತ್ತೆ ಕೆಲವೆಡೆ ಒಂದೊಂದು ಮಂಚಕ್ಕೆ ಒಬ್ಬ ಮನುಷ್ಯ. ಬಾಂಗ್ಲಾದವರು, ಕೇರಳದವರು, ಪಾಕಿಸ್ತಾನದವರು, ನಮ್ಮ ಕರಾವಳಿಯವರು. ಬಾಡಿಗೆ ಕಡಿಮೆ, ಬಸ್ಸು ಹತ್ತಿರ, ದಾರ್‌ಸೈಟಿನ ಭಾರತೀಯ ಶಾಲೆ ದೂರವಲ್ಲ. ಇದಕ್ಕಾಗಿಯೇ ಜನ ಇಲ್ಲಿ ನೆಲೆಸುತ್ತಾರೆ. ಹಳೆಯ ಕಟ್ಟಡದ ಹಳೆಯ ವಿದ್ಯುತ್ ತಂತಿಗಳ ಮೇಲೆ ಬೇಸಿಗೆಯಲ್ಲಿ ಹಗಲು ರಾತ್ರಿ ಓಡುವ ಹವಾನಿಯಂತ್ರಕಗಳ ಭಾರ ಬೀಳುತ್ತದೆ. ಪಕ್ಕದಲ್ಲೇ ವಾದಿ ಅದೈ. ವಾದಿ ಎಂದರೆ ವರ್ಷದ ಬಹುಪಾಲು ಒಣಗಿರುವ ಹೊಳೆಯ ಪಾತ್ರ. ಗುಡ್ಡದ ಮೇಲೆ ಎರಡು ಗಂಟೆ ಮಳೆ ಸುರಿದರೆ ಕಾರುಗಳನ್ನು ಹೊತ್ತೊಯ್ಯುವ ಪ್ರವಾಹ.

ಹಿಂದಿನ ಬೇಸಿಗೆಯೊಂದರಲ್ಲಿ ನಮ್ಮ ಬೀದಿಯ ಕಟ್ಟಡವೊಂದರ ಎರಡನೆಯ ಮಹಡಿಯ ಅಡುಗೆಮನೆಯಲ್ಲಿ ಬೆಂಕಿ ಹತ್ತಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಬೆಂಕಿ ಅರ್ಧ ಗಂಟೆಯಲ್ಲಿ ಆರಿತು. ಆದರೆ ಮೇಲಿನ ಮಹಡಿಯಲ್ಲಿದ್ದ ಕುಂದಾಪುರ ಕಡೆಯ ನಾಲ್ವರ ಕುಟುಂಬಕ್ಕೆ ಆ ರಾತ್ರಿ ಮನೆಯಿರಲಿಲ್ಲ. ಗೋಡೆಯೆಲ್ಲ ಮಸಿ, ಹಾಸಿಗೆ ಬಟ್ಟೆಗಳಲ್ಲಿ ಹೊಗೆಯ ನಾತ, ಕಟ್ಟಡಕ್ಕೆ ವಿದ್ಯುತ್ ಕಡಿತ. ತಂತಿ ಬದಲಿಸಿ, ತಪಾಸಣೆ ಮುಗಿದು, ಸಂಪರ್ಕ ಮರಳಿ ಬರುವವರೆಗೆ ಇಪ್ಪತ್ಮೂರು ದಿನ ಹಿಡಿಯಿತು. ಮೊದಲ ನಾಲ್ಕು ರಾತ್ರಿ ಅವರು ದಾರ್‌ಸೈಟಿನಲ್ಲಿ ಸ್ನೇಹಿತರ ಹಜಾರದಲ್ಲಿ ಮಲಗಿದರು. ಆ ಮನೆಯೂ ಎರಡು ಕೋಣೆಯದು, ಅಲ್ಲಿಯೂ ಮಕ್ಕಳಿದ್ದರು, ಪರೀಕ್ಷೆಯಿತ್ತು. ಐದನೆಯ ದಿನ ಅವರು ದಿನಬಾಡಿಗೆಯ ಸುಸಜ್ಜಿತ ಫ್ಲ್ಯಾಟಿಗೆ ಹೋದರು. ದಿನಕ್ಕೆ 18 ರಿಯಾಲಿನಂತೆ ಹತ್ತೊಂಬತ್ತು ದಿನಕ್ಕೆ 342 ರಿಯಾಲ್. ಹೊರಗಿನ ಊಟ, ಬಟ್ಟೆ ಒಗೆಸುವುದು, ಶಾಲೆಯ ಬಸ್ಸು ಅಲ್ಲಿಗೆ ಬಾರದ ಕಾರಣ ಟ್ಯಾಕ್ಸಿ, ಹೀಗೆ ಇನ್ನೊಂದು 150. ಬೀಗ ಹಾಕಿದ ಮನೆಗೆ ಆ ತಿಂಗಳ 170 ರಿಯಾಲ್ ಬಾಡಿಗೆಯ ಚೆಕ್ ಮೊದಲೇ ಕೊಟ್ಟಾಗಿತ್ತು. ಅದು ತನ್ನ ದಿನಾಂಕಕ್ಕೆ ನಗದಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಕುಟುಂಬದ ವಸ್ತುಗಳ ನಷ್ಟವನ್ನು ಲೆಕ್ಕ ಹಾಕಿದರೆ ಎರಡು ಹಾಸಿಗೆ, ಪರದೆಗಳು, ಒಂದಷ್ಟು ಬಟ್ಟೆ, ಸುಟ್ಟುಹೋದ ಫ್ರಿಜ್ಜು, ಎಲ್ಲ ಸೇರಿ ಸುಮಾರು 200 ರಿಯಾಲ್. ಬಿಡಾರದ ಖರ್ಚು ಅದರ ಎರಡೂವರೆ ಪಟ್ಟು. ರಿಯಾಲಿಗೆ ಇನ್ನೂರು ರೂಪಾಯಿಗೂ ಮಿಕ್ಕಿದ ಇಂದಿನ ದರದಲ್ಲಿ ಲಕ್ಷ ರೂಪಾಯಿಗೆ ಹತ್ತಿರ. ಪರಿಚಿತರು ಹಣ ಕೂಡಿಸಿ ಫ್ರಿಜ್ಜು ಕೊಡಿಸಿದೆವು. ಫ್ರಿಜ್ಜಿಗೆ ಹಣ ಕೂಡಿಸುವುದು ಸುಲಭ; ಅದು ಕಣ್ಣಿಗೆ ಕಾಣುವ ವಸ್ತು, ಕೊಟ್ಟವರಿಗೂ ಸಮಾಧಾನ. ಹತ್ತೊಂಬತ್ತು ರಾತ್ರಿಗಳಿಗೆ ಹಣ ಕೂಡಿಸಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ, ಅವರೂ ಬಾಯಿಬಿಟ್ಟು ಕೇಳಲಿಲ್ಲ. ಆ ತಿಂಗಳು ಊರಿಗೆ ಹಣ ಬರಲಿಲ್ಲವೆಂದು ಅವರ ತಾಯಿ ಫೋನಿನಲ್ಲಿ ಕೇಳಿದ್ದು ಇಷ್ಟೇ: “ಏನಾಯ್ತು ಮಗಾ, ಕೆಲಸ ಹೋಯ್ತಾ?”

ಊರಿನ ಓದುಗರಿಗೆ ಇಲ್ಲಿನ ದೊಡ್ಡ ದುರಂತಗಳ ಸುದ್ದಿ ತಲುಪುತ್ತದೆ. 2007ರ ಜೂನ್ 6ರಂದು ಮಸ್ಕತ್ತನ್ನು ಅಪ್ಪಳಿಸಿದ ಗೋನು ಚಂಡಮಾರುತ ಅಲ್ಲಿಯವರೆಗೆ ಅರಬ್ಬಿ ಸಮುದ್ರದಲ್ಲಿ ದಾಖಲಾದವುಗಳಲ್ಲೇ ಅತ್ಯಂತ ಪ್ರಬಲವಾದುದು. ಒಮಾನಿನಲ್ಲಿ ಸುಮಾರು 50 ಜನ ಸತ್ತರು. ನಷ್ಟದ ಅಂದಾಜು 400 ಕೋಟಿ ಡಾಲರ್. ವಾದಿ ಅದೈ ಸಮುದ್ರ ಸೇರುವ ಖುರುಂ ಕೆಸರಿನ ಕಣವಾಯಿತು. ಘುಬ್ರಾ ಮತ್ತು ಬರ್ಕಾದ ಸಮುದ್ರನೀರು ಶುದ್ಧೀಕರಣ ಘಟಕಗಳು ನಿಂತುಹೋಗಿ, ಮನೆ ಉಳಿದವರಿಗೂ ದಿನಗಟ್ಟಲೆ ನಲ್ಲಿಯಲ್ಲಿ ನೀರಿರಲಿಲ್ಲ. 2010ರ ಜೂನ್‌ನಲ್ಲಿ ಫೆಟ್ ಬಂತು. 2021ರ ಅಕ್ಟೋಬರ್ 3ರಂದು ಶಾಹೀನ್ ಬಂದಾಗ ಮಸ್ಕತ್ ಪಾರಾಯಿತು, ಬಾತಿನಾ ಕರಾವಳಿ ಮುಳುಗಿತು. ಖಾಬೂರಾದಲ್ಲಿ 369 ಮಿಲಿಮೀಟರ್ ಮಳೆ ಸುರಿಯಿತು. ವರ್ಷವಿಡೀ ನೂರು ಮಿಲಿಮೀಟರ್ ಆಸುಪಾಸಿನ ಮಳೆ ಕಾಣುವ ಸೀಮೆಯದು. 2024ರ ಏಪ್ರಿಲ್‌ನಲ್ಲಿ ಚಂಡಮಾರುತವೇ ಇಲ್ಲದೆ ಮಳೆಯೊಂದರಿಂದಲೇ ನೆರೆ ಬಂದು, ಸಮದ್ ಅಲ್ ಶಾನಿನಲ್ಲಿ ಶಾಲಾ ಮಕ್ಕಳು ಕೊಚ್ಚಿಹೋದರು.

ಈ ಹೆಸರುಗಳು ಪತ್ರಿಕೆಯಲ್ಲಿ ಬರುತ್ತವೆ. ಆಗ ಸರ್ಕಾರ ಶಾಲೆಗಳಲ್ಲಿ ಆಶ್ರಯ ತೆರೆಯುತ್ತದೆ, ಸೇನೆ ಬರುತ್ತದೆ, ಊರಿನವರು ಫೋನ್ ಮಾಡುತ್ತಾರೆ. ಎರಡನೆಯ ಮಹಡಿಯ ಅಡುಗೆಮನೆಯ ಬೆಂಕಿಗೆ ಹೆಸರಿಲ್ಲ. ಮೇಲಿನ ಮನೆಯ ನೀರಿನ ಕೊಳವೆ ಒಡೆದು ಕೆಳಗಿನ ಮನೆಯ ಸೂರು ಕುಸಿದರೆ ಅದಕ್ಕೆ ಯಾರೂ ಶಿಬಿರ ತೆರೆಯುವುದಿಲ್ಲ. ಗಲ್ಫಿನ ಕುಟುಂಬಗಳನ್ನು ಬೀದಿಗೆ ನಿಲ್ಲಿಸುವುದು ಬಹುಮಟ್ಟಿಗೆ ಇಂಥ ಹೆಸರಿಲ್ಲದ ಅವಘಡಗಳೇ ಎಂಬುದು ಇಷ್ಟು ವರ್ಷ ಇಲ್ಲಿದ್ದು ನಾನು ಕಂಡುಕೊಂಡ ಮಾತು.

ಮನೆ ವಿಮೆಯ ಪಾಲಿಸಿಗಳಲ್ಲಿ ಇದಕ್ಕೊಂದು ಕಲಮು ಇದೆ. ಪರ್ಯಾಯ ವಸತಿ ವೆಚ್ಚ ಎಂದು ಅದನ್ನು ಕರೆಯಬಹುದು. ವಿಮೆಯ ವ್ಯಾಪ್ತಿಗೆ ಒಳಪಟ್ಟ ಅವಘಡದಿಂದ ಮನೆ ವಾಸಯೋಗ್ಯವಲ್ಲದಂತಾದರೆ, ದುರಸ್ತಿಗೆ ಬೇಕಾದ ನ್ಯಾಯವಾದ ಅವಧಿಯವರೆಗೆ ಬೇರೆಡೆ ವಾಸಿಸುವ ಖರ್ಚನ್ನು ಕಂಪನಿ ಒಂದು ಮಿತಿಯೊಳಗೆ ಭರಿಸುತ್ತದೆ. ಬಾಡಿಗೆದಾರ ಕಟ್ಟಡಕ್ಕೆ ವಿಮೆ ಮಾಡಿಸಬೇಕಾಗಿಲ್ಲ. ಮನೆಯೊಳಗಿನ ಸಾಮಾನುಗಳಿಗೆ ಮಾತ್ರ ಮಾಡಿಸುವ ಪಾಲಿಸಿಗೂ ಈ ಕಲಮನ್ನು ಸೇರಿಸಿ ಕೊಡುವ ಕಂಪನಿಗಳು ಗಲ್ಫಿನಲ್ಲಿವೆ. ಮೊತ್ತ ಸಾಮಾನ್ಯವಾಗಿ ವಿಮಾ ಮೊತ್ತದ ಇಂತಿಷ್ಟು ಶೇಕಡಾ ಎಂದು ನಿಗದಿಯಾಗಿರುತ್ತದೆ. ಅಂದರೆ ಪ್ರೀಮಿಯಂ ಉಳಿಸಲು ಸಾಮಾನಿನ ಬೆಲೆಯನ್ನು ಅರ್ಧಕ್ಕೆ ಇಳಿಸಿ ಬರೆಸಿದವರ ಬಿಡಾರದ ಹಣವೂ ಅರ್ಧಕ್ಕೆ ಇಳಿಯುತ್ತದೆ. ಬಡ್ಡಿಯ ಅಂಶವಿಲ್ಲದ ವ್ಯವಸ್ಥೆಯನ್ನು ಬಯಸುವ ಭಟ್ಕಳ, ಮಂಗಳೂರು ಕಡೆಯ ಮುಸ್ಲಿಂ ಬಾಂಧವರು ತಕಾಫುಲ್ ಕಂಪನಿಗಳಲ್ಲಿ ಇದೇ ಪ್ರಶ್ನೆ ಕೇಳಬಹುದು. ಒಮಾನಿನಲ್ಲಿ 2016ರಲ್ಲೇ ಅದಕ್ಕೆ ಪ್ರತ್ಯೇಕ ಕಾನೂನು ಬಂದಿದೆ.

“ಕಟ್ಟಡಕ್ಕೆ ಮಾಲೀಕರ ವಿಮೆ ಇದೆಯಲ್ಲ” ಎಂಬ ಉತ್ತರವನ್ನು ಹಮ್ರಿಯಾದಲ್ಲಿ ನಾನು ಅದೆಷ್ಟು ಬಾರಿ ಕೇಳಿದ್ದೇನೋ. ಮಾಲೀಕರ ವಿಮೆ ಮಾಲೀಕರ ಆಸ್ತಿಗೆ. ಅದು ಗೋಡೆಗೆ ಬಣ್ಣ ಬಳಿಸುತ್ತದೆ, ತಂತಿ ಬದಲಿಸುತ್ತದೆ. ಕೆಲವು ಪಾಲಿಸಿಗಳಲ್ಲಿ ಅವರಿಗೆ ತಪ್ಪಿಹೋದ ಬಾಡಿಗೆಯನ್ನೂ ತುಂಬಿಕೊಡುತ್ತದೆ. ಬಾಡಿಗೆದಾರ ಎಲ್ಲಿ ಮಲಗಿದ ಎಂಬುದು ಆ ಕಾಗದದ ವಿಷಯವೇ ಅಲ್ಲ. ಕಾರಿಗೆ ವಿಮೆ ಕಡ್ಡಾಯವಾದುದರಿಂದ ನಾವೆಲ್ಲರೂ ಪ್ರತಿವರ್ಷ ತಪ್ಪದೆ ಕಟ್ಟುತ್ತೇವೆ. ಕಾರು ಕೆಟ್ಟು ಗ್ಯಾರೇಜಿಗೆ ಹೋದರೆ ಬದಲಿ ಕಾರು ಕೊಡುತ್ತೀರಾ ಎಂದು ಏಜೆಂಟರನ್ನು ಎರಡೆರಡು ಬಾರಿ ಕೇಳಿ ಖಚಿತಪಡಿಸಿಕೊಳ್ಳುತ್ತೇವೆ. ಮನೆ ಕೆಟ್ಟರೆ ಬದಲಿ ಮನೆಯ ಬಗ್ಗೆ ಅದೇ ಏಜೆಂಟರ ಎದುರು ಕುಳಿತು ಒಂದು ಮಾತೂ ಆಡುವುದಿಲ್ಲ.

ಕಲಮಿನ ಮಿತಿಗಳನ್ನು ಮುಚ್ಚಿಡುವುದು ಸರಿಯಲ್ಲ. ಮನೆಗೆ ಭೌತಿಕವಾದ ಹಾನಿ ಆಗಿರಬೇಕು ಎಂಬುದು ಸಾಮಾನ್ಯ ಷರತ್ತು. 2020ರ ಏಪ್ರಿಲ್‌ನಲ್ಲಿ ಕೋವಿಡ್ ತಡೆಗಾಗಿ ಮುತ್ರಾ ವಿಲಾಯತ್ತನ್ನೇ ಹೊರಜಗತ್ತಿನಿಂದ ಪ್ರತ್ಯೇಕಿಸಿದಾಗ, ಹೊರಗೆ ಸಿಕ್ಕಿಬಿದ್ದು ಮನೆಗೆ ಮರಳಲಾಗದವರ ಖರ್ಚು ಇಂಥ ಕಲಮಿನೊಳಗೆ ಬರುವಂಥದಲ್ಲ. ಅವರ ಮನೆಯ ಒಂದು ಗಾಜೂ ಒಡೆದಿರಲಿಲ್ಲ. ಚಂಡಮಾರುತದ ಮುನ್ನೆಚ್ಚರಿಕೆಯಿಂದ ಮನೆ ಬಿಟ್ಟು, ಕೊನೆಗೆ ಮನೆಗೆ ಏನೂ ಆಗದಿದ್ದರೆ ಏನು ಎಂಬುದನ್ನೂ ಪಾಲಿಸಿಯಲ್ಲಿ ಹುಡುಕಿ ನೋಡಬೇಕು. ಶಾಹೀನಿನ ಸಮಯದಲ್ಲಿ ಮಸ್ಕತ್ತಿನ ತಗ್ಗು ಪ್ರದೇಶಗಳ ಜನರನ್ನು ತೆರವುಗೊಳಿಸಿದಾಗ ಇದು ಕಾಲ್ಪನಿಕ ಪ್ರಶ್ನೆಯಾಗಿರಲಿಲ್ಲ. ನೆರೆ ಮತ್ತು ಚಂಡಮಾರುತಗಳು ಪಾಲಿಸಿಯ ವ್ಯಾಪ್ತಿಯಲ್ಲಿವೆಯೇ ಅಥವಾ ಹೆಚ್ಚುವರಿ ಪ್ರೀಮಿಯಂ ಬೇಕೇ ಎಂಬುದನ್ನು ಬಾಯಿಮಾತಿನಲ್ಲಿ ಒಪ್ಪದೆ ಬರಹದಲ್ಲಿ ಪಡೆಯಬೇಕು. ಒಮಾನಿನ ವಿಮಾ ಕಂಪನಿಗಳ ಮೇಲ್ವಿಚಾರಣೆ ಮೊದಲು ಬಂಡವಾಳ ಮಾರುಕಟ್ಟೆ ಪ್ರಾಧಿಕಾರದ್ದಾಗಿತ್ತು. 2024ರಿಂದ ಅದರ ಜಾಗದಲ್ಲಿ ಹಣಕಾಸು ಸೇವೆಗಳ ಪ್ರಾಧಿಕಾರವಿದೆ. ದೂರು ಕೊಂಡೊಯ್ಯಲು ಒಂದು ಬಾಗಿಲು ಇದೆ ಎಂದು ತಿಳಿದಿರುವುದೂ ಒಂದು ಬಲವೇ.

ಹಣ ಕೈಗೆ ಬರುವುದು ಖರ್ಚಾದ ಮೇಲೆ. ಆದ್ದರಿಂದ ಅಗ್ನಿಶಾಮಕದವರ ವರದಿ, ಕಟ್ಟಡ ವಾಸಯೋಗ್ಯವಲ್ಲ ಎಂಬುದಕ್ಕೆ ಲಿಖಿತ ಆಧಾರ, ಬಿಡಾರದ ರಸೀದಿಗಳು, ಹಳೆಯ ಬಾಡಿಗೆ ಕರಾರು ಇವಿಷ್ಟು ಇಲ್ಲದೆ ಸರ್ವೇಯರನ ಮುಂದೆ ನಿಲ್ಲುವುದು ವ್ಯರ್ಥ. ನಮ್ಮವರು ಹೆಚ್ಚಾಗಿ ಎಡವುವುದು ರಸೀದಿಯಲ್ಲಿ. ಪರಿಚಿತರ ಮೂಲಕ ಖಾಲಿಯಿದ್ದ ಕೋಣೆಯೊಂದನ್ನು ನಗದು ಕೊಟ್ಟು ಹಿಡಿಯುತ್ತಾರೆ. ಅಗ್ಗವಾಯಿತು ಎಂದು ಸಂತೋಷಪಡುತ್ತಾರೆ. ಕೊನೆಗೆ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಕರಾರು ನಗರಸಭೆಯಲ್ಲಿ ನೋಂದಣಿಯಾಗಿರುವುದು ಇಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಬೇರೆಯವರ ಹೆಸರಿನ ಫ್ಲ್ಯಾಟಿನಲ್ಲಿ ಒಳಬಾಡಿಗೆಗೆ ಇರುವವರು ಕಾಗದದ ಲೆಕ್ಕದಲ್ಲಿ ಅಲ್ಲಿ ವಾಸಿಸುತ್ತಲೇ ಇಲ್ಲ.

ಇನ್ನು ಊರಿನ ಮನೆಯ ಮಾತು. ಈ ಅಂಕಣವನ್ನು ಓದುವವರಲ್ಲಿ ಅನೇಕರು ಗಲ್ಫಿನ ಹಣದಿಂದ ಎದ್ದ ಮನೆಗಳಲ್ಲಿ ಇದ್ದೀರಿ. ಅಪ್ಪ, ಅಮ್ಮ ಮಾತ್ರ ಇರುವ ಮನೆಗಳು, ಬಾಡಿಗೆಗೆ ಕೊಟ್ಟ ಮನೆಗಳು, ಬೀಗ ಹಾಕಿ ಬೀಗದಕೈಯನ್ನು ಅತ್ತಿಗೆಯ ಕೈಗೆ ಕೊಟ್ಟ ಮನೆಗಳು. ಬ್ಯಾಂಕಿನ ಸಾಲದ ಜತೆಗೆ ವಿಮೆ ಇದೆ ಎಂಬ ಭರವಸೆ ಇರುತ್ತದೆ. ತೆಗೆದು ನೋಡಿದರೆ ಹಲವರಲ್ಲಿ ಅದು ಸಾಲಗಾರ ಸತ್ತರೆ ಸಾಲ ತೀರಿಸುವ ಜೀವವಿಮೆ; ಮನೆಗೂ ಅದಕ್ಕೂ ಸಂಬಂಧವಿಲ್ಲ.

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿದೆ. ಬೆಂಕಿ, ಚಂಡಮಾರುತ, ನೆರೆ, ಭೂಕುಸಿತ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯ ಸಾಮಾನುಗಳಿಗೂ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ಪಟ್ಟಿ ಕೊಡದೆಯೇ ರಕ್ಷಣೆ ಸಿಗುತ್ತದೆ. ನಮ್ಮ ವಿಷಯಕ್ಕೆ ಬೇಕಾದ ಕಲಮು ಅದರೊಳಗೆ ಅಂತರ್ಗತವಾಗಿಯೇ ಇದೆ. ಸ್ವಂತ ಮನೆಯಲ್ಲಿದ್ದವರು ಮನೆ ಹಾನಿಯಾಗಿ ಬೇರೆಡೆ ಬಾಡಿಗೆಗೆ ಹೋದರೆ ಆ ಬಾಡಿಗೆ. ಬಾಡಿಗೆದಾರರಾದರೆ ಹಳೆಯ ಬಾಡಿಗೆಗೂ ಹೊಸ ಬಾಡಿಗೆಗೂ ಇರುವ ವ್ಯತ್ಯಾಸ. ಮನೆಯನ್ನು ಬಾಡಿಗೆಗೆ ಕೊಟ್ಟವರಾದರೆ ತಪ್ಪಿಹೋದ ಬಾಡಿಗೆ. ದುರಸ್ತಿಗೆ ಬೇಕಾದ ಅವಧಿಯವರೆಗೆ, ಹೆಚ್ಚೆಂದರೆ ಮೂರು ವರ್ಷ. ಮನೆ ವಾಸಯೋಗ್ಯವಲ್ಲ ಎಂದು ವಾಸ್ತುಶಿಲ್ಪಿ ಅಥವಾ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ ಬೇಕು. ಊಟ, ಓಡಾಟದ ಖರ್ಚು ಇದರಲ್ಲಿಲ್ಲ. ಗೃಹಸಾಲದ ಕಂತನ್ನೂ ಇದು ಕಟ್ಟುವುದಿಲ್ಲ.

ಬೀಗ ಹಾಕಿದ ಮನೆಯವರು ಮಾತ್ರ ಇಲ್ಲಿ ಸ್ವಲ್ಪ ನಿಂತು ಓದಬೇಕು. ಭಾರತದ ಹಳೆಯ ಅಗ್ನಿವಿಮಾ ಪಾಲಿಸಿಯಲ್ಲಿ ಕಟ್ಟಡ ಸತತವಾಗಿ 30 ದಿನಕ್ಕಿಂತ ಹೆಚ್ಚು ಕಾಲ ಖಾಲಿಯಿದ್ದರೆ, ಕಂಪನಿಯ ಒಪ್ಪಿಗೆಯನ್ನು ಮೊದಲೇ ಪಡೆಯದಿದ್ದಲ್ಲಿ ರಕ್ಷಣೆ ನಿಂತುಹೋಗುವ ಷರತ್ತು ಇತ್ತು. ಪಾಲಿಸಿ ಹಳೆಯದಿರಲಿ, ಹೊಸದಿರಲಿ, ಮನೆ ವರ್ಷದಲ್ಲಿ ಹನ್ನೊಂದು ತಿಂಗಳು ಖಾಲಿಯಿರುತ್ತದೆ ಎಂದು ಕಂಪನಿಗೆ ಬರೆದು ತಿಳಿಸಿ, ಅವರು ಒಪ್ಪಿದ ಪತ್ರವನ್ನು ಇಟ್ಟುಕೊಳ್ಳಿ. ಅಪ್ಪ, ಅಮ್ಮ ಆರು ತಿಂಗಳು ಮಕ್ಕಳ ಬಳಿಗೆ ಬಂದಿರುವಾಗಲೂ ಇದು ಅನ್ವಯಿಸುತ್ತದೆ. ಗಲ್ಫಿನ ಮನೆಗಳು ಖಾಲಿಯಿರುವುದೇ ಮಳೆಗಾಲದಲ್ಲಿ ಎಂಬುದು ಇನ್ನೊಂದು ತಮಾಷೆ: ಶಾಲೆಗಳಿಗೆ ಬೇಸಿಗೆ ರಜೆ ಬಂದು ನಾವು ಊರಿಗೆ ಹೊರಡುವುದು ಜೂನ್‌ನಲ್ಲಿ, ಆಗ ಬೀಗ ಬೀಳುವುದು ಹಮ್ರಿಯಾದ ಮನೆಗೆ, ಆಗಸ್ಟ್‌ನಲ್ಲಿ ಮರಳುವಾಗ ಬೀಗ ಬೀಳುವುದು ಊರಿನ ಮನೆಗೆ, ಹೊರಗೆ ಮಳೆ ಇನ್ನೂ ಸುರಿಯುತ್ತಿರುತ್ತದೆ.

ಸರ್ಕಾರವಿದೆಯಲ್ಲ ಎಂದು ಕೇಳುವವರುಂಟು. ಇದೆ, ಇಲ್ಲವೆನ್ನಲಾಗದು. 2019ರ ಆಗಸ್ಟ್‌ನ ನೆರೆಯ ನಂತರ ಕರ್ನಾಟಕ ಸರ್ಕಾರ ಪೂರ್ತಿ ಮನೆ ಕಳೆದುಕೊಂಡವರಿಗೆ 5 ಲಕ್ಷ ರೂಪಾಯಿಯನ್ನೂ, ಮನೆ ಕಟ್ಟುವವರೆಗಿನ ವಾಸಕ್ಕೆ ತಿಂಗಳಿಗೆ 5 ಸಾವಿರ ರೂಪಾಯಿ ಬಾಡಿಗೆಯನ್ನೂ ಘೋಷಿಸಿತು. 2024ರ ಜುಲೈ 30ರ ವಯನಾಡಿನ ಭೂಕುಸಿತದ ನಂತರ ಕೇರಳ ಸರ್ಕಾರ ನಿರಾಶ್ರಿತ ಕುಟುಂಬಗಳಿಗೆ ತಿಂಗಳಿಗೆ 6 ಸಾವಿರ ರೂಪಾಯಿ ಬಾಡಿಗೆ ಕೊಟ್ಟಿತು. ಮನೆ ಹೋದ ಮೇಲೆ ನಡುವಿನ ತಿಂಗಳುಗಳೂ ಒಂದು ನಷ್ಟವೇ ಎಂದು ಎರಡು ಸರ್ಕಾರಗಳು ಒಪ್ಪಿಕೊಂಡವು ಎಂಬ ಕಾರಣಕ್ಕೆ ಈ ಆದೇಶಗಳನ್ನು ನಾನು ಮಹತ್ವದ್ದೆಂದು ತಿಳಿಯುತ್ತೇನೆ. ಆದರೆ ಅವು ಊರಿಗೆ ಊರೇ ಮುಳುಗಿದಾಗಿನ ಮಾತು. ಒಂದೇ ಮನೆಯ ಗ್ಯಾಸ್ ಸಿಲಿಂಡರ್ ಸಿಡಿದರೆ ಮುಖ್ಯಮಂತ್ರಿಗಳು ಬರುವುದಿಲ್ಲ.

ಹೊರದೇಶದಲ್ಲಿ ಇನ್ನೂ ಕಡಿಮೆ. ವಲಸೆ ತಪಾಸಣೆ ಅಗತ್ಯವಿರುವ ಪಾಸ್‌ಪೋರ್ಟಿನವರಿಗೆ ಕಡ್ಡಾಯವಾಗಿರುವ ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿಯ ಪ್ರೀಮಿಯಂಗೆ ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿಯಿದೆ. ಒಳ್ಳೆಯ ಯೋಜನೆ, ಆದರೆ ವಸತಿ ಅದರ ವಿಷಯವಲ್ಲ. ರಾಯಭಾರ ಕಚೇರಿಗಳ ಕೈಯಲ್ಲಿರುವ, 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಸಂಕಟದಲ್ಲಿರುವವರ ಊಟ, ವಸತಿಗೆ ನೆರವು ಸಿಗುತ್ತದೆ. ಅದು ಆದಾಯವನ್ನು ನೋಡಿ, ನಿಜವಾಗಿ ಗತಿಯಿಲ್ಲದವರಿಗೆ ಕೊಡುವ ನೆರವು; ಹಾಗೆಯೇ ಇರಬೇಕಾದುದೂ ನ್ಯಾಯ. ತಿಂಗಳಿಗೆ ಆರುನೂರು ರಿಯಾಲ್ ದುಡಿಯುವ ಲೆಕ್ಕಿಗನ ಕುಟುಂಬ ಆ ಸಾಲಿನಲ್ಲಿ ನಿಲ್ಲಲಾರದು. ನಿಲ್ಲಬಾರದು ಕೂಡ.

ಅಮೆರಿಕಕ್ಕೆ ಹೊರಟವರು ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಅಲ್ಲಿ ಮನೆ ಮಾಲೀಕರ ಪಾಲಿಸಿಯಲ್ಲೂ ಬಾಡಿಗೆದಾರರ ಪಾಲಿಸಿಯಲ್ಲೂ ಈ ಕಲಮು ಸಾಮಾನ್ಯವಾಗಿ ಇರುತ್ತದೆ ಮತ್ತು ಅದು ಬಾಡಿಗೆಗೆ ಸೀಮಿತವಲ್ಲ. ತತ್ತ್ವ ಇಷ್ಟೇ: ಎಂದಿನ ಖರ್ಚಿಗಿಂತ ಹೆಚ್ಚಾದ ಭಾಗ. ತಿಂಗಳಿಗೆ 600 ಡಾಲರಿನ ದಿನಸಿಯಲ್ಲಿ ನಡೆಯುತ್ತಿದ್ದ ಮನೆ ಅಡುಗೆಕೋಣೆಯಿಲ್ಲದ ಹೋಟೆಲಿನಲ್ಲಿದ್ದು ಊಟಕ್ಕೆ 1,400 ಡಾಲರ್ ಖರ್ಚು ಮಾಡಿದರೆ ಕೇಳಬಹುದಾದದ್ದು 800. ಎಂದಿನ ಖರ್ಚಿನ ಲೆಕ್ಕವನ್ನು ಮೊದಲೇ ಇಟ್ಟವರಿಗೆ ಅದು ಸಿಗುತ್ತದೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಪ್ಯಾಲಿಸೇಡ್ಸ್ ಮತ್ತು ಆಲ್ಟಡೀನಾ ಉರಿದಾಗ ಸಾವಿರಾರು ಕುಟುಂಬಗಳು ಇದೇ ಕಲಮಿನ ಮೇಲೆ ಬದುಕಬೇಕಾಯಿತು. ಘೋಷಿತ ತುರ್ತುಸ್ಥಿತಿಯಲ್ಲಿ ಕನಿಷ್ಠ 24 ತಿಂಗಳ ಅವಧಿಗೆ ಈ ರಕ್ಷಣೆ ಇರಬೇಕು, ಮನೆ ಪೂರ್ತಿ ನಾಶವಾದವರು ಕೇಳಿದರೆ ನಾಲ್ಕು ತಿಂಗಳ ಖರ್ಚನ್ನು ಮುಂಗಡವಾಗಿ ಕೊಡಬೇಕು ಎಂದು ಕ್ಯಾಲಿಫೋರ್ನಿಯಾದ ಕಾನೂನು ಹೇಳುತ್ತದೆ. ಮುಂಗಡ ಎಂಬ ಆ ಒಂದು ಪದ ಹಮ್ರಿಯಾದವರಿಗೆ ಹೊಟ್ಟೆಕಿಚ್ಚು ತರಿಸುವಂಥದು.

ಇದಕ್ಕೆಲ್ಲ ನಾನು ಕೇಳಿರುವ ಆಕ್ಷೇಪ ಒಂದೇ: ಏನೂ ಆಗದಿದ್ದರೆ ಪ್ರೀಮಿಯಂ ದಂಡ, ಏನಾದರೂ ಆದರೆ ಗೆಳೆಯರಿದ್ದಾರೆ. ಗೆಳೆಯರು ಇದ್ದಾರೆ ಎಂಬುದು ನಿಜ. ದಾರ್‌ಸೈಟಿನ ಆ ಮನೆಯವರು ನಾಲ್ಕು ರಾತ್ರಿ ತಮ್ಮ ಮಕ್ಕಳನ್ನು ಅಡುಗೆಮನೆಯಲ್ಲಿ ಓದಲು ಕೂರಿಸಿ ಹಜಾರ ಬಿಟ್ಟುಕೊಟ್ಟರು. ಇನ್ನೂ ಇರಿ ಎಂದೂ ಹೇಳಿದರು. ಹೇಳಿದವರ ಮುಖವನ್ನು ನೋಡಿಯೇ ಈ ದಂಪತಿ ಐದನೆಯ ದಿನ ಹೊರಟದ್ದು. ಊರಿನಲ್ಲಿ ಅಕ್ಕನ ಮನೆಯ ಹಿಂದೆ ಮೂವತ್ತು ವರ್ಷದ ಕೊಡುಕೊಳ್ಳುವಿಕೆ ಇರುತ್ತದೆ; ಇಲ್ಲಿನ ಸ್ನೇಹಗಳಿಗೆ ಮೂರು ವರ್ಷ, ನಾಲ್ಕು ವರ್ಷ. ಅಷ್ಟು ಎಳೆಯ ಕೊಂಬೆಗೆ ಇಡೀ ಸಂಸಾರದ ಭಾರ ಹಾಕುವುದು ಸ್ನೇಹಕ್ಕೂ ಒಳ್ಳೆಯದಲ್ಲ. ಪ್ರೀಮಿಯಂ ದಂಡ ಎನ್ನುವವರು ಊರಿಗೆ ಹೋಗುವಾಗ ಹೆಚ್ಚುವರಿ ತೂಕಕ್ಕೆ ವಿಮಾನ ನಿಲ್ದಾಣದಲ್ಲಿ ತೆರುವ ಹಣವನ್ನು ಒಮ್ಮೆ ನೆನಪಿಸಿಕೊಳ್ಳಲಿ.

ಕುಟುಂಬ ಕರೆಸಿಕೊಂಡವರ ಕತೆ ಹೀಗೆ. ಇನ್ನು ಮಂಚದ ಬಾಡಿಗೆಯವರ ಮಾತು ಉಳಿಯಿತು. ಹಮ್ರಿಯಾದ ಬಹುಭಾಗ ಅವರದೇ. ಕರಾರಿನಲ್ಲಿ ಅವರ ಹೆಸರಿಲ್ಲ, ವಿಮೆ ಮಾಡಿಸುವಷ್ಟು ಸಾಮಾನಿಲ್ಲ, ಒಂದು ಪೆಟ್ಟಿಗೆ ಮತ್ತು ಒಂದು ಮೊಬೈಲ್. ಕಟ್ಟಡ ಮುಚ್ಚಿದರೆ ಆ ರಾತ್ರಿ ಅವರು ಅಂಗಡಿಯ ಹಿಂಬದಿಯಲ್ಲಿ, ಮಸೀದಿಯ ಜಗಲಿಯಲ್ಲಿ, ಕೆಲಸದ ಸ್ಥಳದ ಗೋದಾಮಿನಲ್ಲಿ ಮಲಗುತ್ತಾರೆ. ಕಂಪನಿ ಕೊಟ್ಟ ಬಿಡಾರಗಳಲ್ಲಿರುವವರೂ ಎಲ್ಲ ಕಾಲಕ್ಕೂ ಸುರಕ್ಷಿತರಲ್ಲ. ಶಾಹೀನ್ ಬಂದ ದಿನ ರುಸೈಲ್ ಕೈಗಾರಿಕಾ ಪ್ರದೇಶದಲ್ಲಿ ಗುಡ್ಡ ಕುಸಿದು ವಸತಿಯ ಮೇಲೆ ಬಿದ್ದು ಇಬ್ಬರು ಏಷ್ಯನ್ ಕಾರ್ಮಿಕರು ಸತ್ತರು. ಇವರಿಗೆ ನಾನು ಮೇಲೆ ಹೇಳಿದ ಯಾವ ಕಲಮೂ ತಲುಪುವುದಿಲ್ಲ, ವೈಯಕ್ತಿಕವಾಗಿ ತಲುಪಿಸಲೂ ಆಗದು.

ಆದರೆ ಸಂಘಗಳಿಗೆ ಆದೀತು. ಮಸ್ಕತ್ತಿನಲ್ಲಿ ಕನ್ನಡಿಗರ, ಕರಾವಳಿಯವರ, ಜಾತಿ ಸಮುದಾಯಗಳ ಕೂಟಗಳಿಗೆ ಕೊರತೆಯಿಲ್ಲ. ರಾಜ್ಯೋತ್ಸವಕ್ಕೆ ಊರಿನಿಂದ ಕಲಾವಿದರನ್ನು ಕರೆಸುತ್ತೇವೆ, ಯಕ್ಷಗಾನ ಮೇಳಕ್ಕೆ ಸಭಾಂಗಣ ಹಿಡಿಯುತ್ತೇವೆ, ಸನ್ಮಾನಕ್ಕೆ ಶಾಲು ತರುತ್ತೇವೆ. ಅದೇ ಅಂದಾಜುಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿಸಿ, ಸದಸ್ಯರಾದ ಕುಟುಂಬಗಳಿಗೆ ಸಾಮಾನು ಮತ್ತು ಪರ್ಯಾಯ ವಸತಿಯ ವಿಮೆಯನ್ನು ಗುಂಪಾಗಿ ಮಾಡಿಸಿಕೊಡಲು ಎರಡು ಮೂರು ಕಂಪನಿಗಳಿಂದ ದರ ತರಿಸಬಹುದು. ಒಬ್ಬೊಬ್ಬರಾಗಿ ಹೋದರೆ ಕಲಮನ್ನು ತೋರಿಸಲೂ ಬಿಡುವಿಲ್ಲದ ಏಜೆಂಟರು ಇನ್ನೂರು ಕುಟುಂಬ ಎಂದರೆ ಮನೆಗೇ ಬರುತ್ತಾರೆ. ಕಾಗದದಲ್ಲಿ ಹೆಸರಿಲ್ಲದವರಿಗಾಗಿ ರುವಿಯ ದಿನಬಾಡಿಗೆಯ ವಸತಿಗಳೊಂದಿಗೆ ಮೊದಲೇ ದರ ಮಾತಾಡಿಟ್ಟು, ಒಬ್ಬರಿಗೆ ಹತ್ತು ರಾತ್ರಿಯವರೆಗೆ ಸಂಘವೇ ಹಣ ಕಟ್ಟುವ ಸಣ್ಣ ನಿಧಿಯನ್ನು ಕಾಯ್ದಿರಿಸಬಹುದು. ಯಾರಿಗೆ, ಯಾವ ಪ್ರಮಾಣಪತ್ರದ ಮೇಲೆ, ಯಾರ ಸಹಿಯಿಂದ ಎಂಬ ನಿಯಮವನ್ನು ಬೆಂಕಿ ಹತ್ತುವ ಮೊದಲೇ ಬರೆದಿಡಬೇಕು. ಹತ್ತಿದ ಮೇಲೆ ಬರೆಯಲು ಕುಳಿತರೆ ನಮ್ಮವರು, ನಿಮ್ಮವರು ಎಂಬ ವಾದದಲ್ಲೇ ಆ ಹತ್ತು ರಾತ್ರಿಗಳು ಕಳೆದುಹೋಗುತ್ತವೆ. ಮುಂದಿನ ಬೇಸಿಗೆಯ ಮೊದಲು, ಸಂಘಗಳ ವಾರ್ಷಿಕ ಮಹಾಸಭೆಗಳು ನಡೆಯುವ ಈ ತಿಂಗಳುಗಳಲ್ಲೇ, ಯಾರಾದರೂ ಒಬ್ಬರು ಎದ್ದು ನಿಂತು ಈ ಠರಾವನ್ನು ಮಂಡಿಸಲಿ, ಅನುಮೋದಿಸಲು ನಾನಿದ್ದೇನೆ.